ಪದ್ಮಿನಿಯ ಬೆನ್ನ ಹಿಂದಿನ ಬೆಳಕು

ಕಳೆದ ಶ್ರಾವಣದಲ್ಲಿ ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಸಂಜೆ ನಾಲ್ಕು ಗಂಟೆಯಷ್ಟೇ ಆಗಿತ್ತು, ಆದರೂ ಮಂಜು ಇಳಿದು ಬಾನೆಟ್ಟಿನ ತುದಿ ಕಂಡರೆ ಪುಣ್ಯ ಎನ್ನುವಂತಿತ್ತು. 14 ಹೇರ್‌ಪಿನ್ ತಿರುವುಗಳಲ್ಲಿ ಒಂಬತ್ತನೆಯದೋ ಹತ್ತನೆಯದೋ ಇರಬೇಕು, ಬೆನ್ನ ಹಿಂದೆಯೇ ಟೆಂಪೊವೊಂದು ಬ್ರೇಕ್ ಒತ್ತಿ ಕಿರುಚಿತು. ಮೇಲೆ ಚಹಾದಂಗಡಿಯಲ್ಲಿ ಅದರ ಚಾಲಕ ಸಿಕ್ಕ. ಜಗಳಕ್ಕೆ ಬರಲಿಲ್ಲ. ಲೋಟ ಹಿಡಿದುಕೊಂಡೇ ಕೇಳಿದ: “ಸಾರ್, ನಿಮ್ಮ ಗಾಡಿಗೆ ಹಿಂದೆ ದೀಪ ಇದೆಯಾ? ನನಗೆ ಮೊದಲು ಕಂಡದ್ದು ನಂಬರ್ ಪ್ಲೇಟು, ಅದೂ ನನ್ನ ಹೆಡ್‌ಲೈಟಿನಲ್ಲಿ.”

ಇದೆ ಎಂದೆ. ಹೋಗಿ ನೋಡಿದರೆ ಎರಡೂ ಉರಿಯುತ್ತಲೇ ಇದ್ದವು, ದೇವರ ಗೂಡಿನ ಎಣ್ಣೆ ದೀಪದ ಹಾಗೆ.

ಗಾಡಿ 1979ರ ಪ್ರೀಮಿಯರ್ ಪದ್ಮಿನಿ. ಅಪ್ಪ ಎರಡನೇ ಕೈಯಲ್ಲಿ ಕೊಂಡದ್ದು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂವರು ಕೂರಬಹುದಾದ ಉದ್ದ ಸೀಟು. ಮುಂಬೈಯ ಕುರ್ಲಾದಲ್ಲಿ ತಯಾರಾದ ಈ ಕಾರು ಅದೇ ಊರಿನಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ಅದರ ಬಿಡಿಭಾಗಗಳು ಇಂದಿಗೂ ಅಲ್ಲಲ್ಲಿ ಸಿಗುತ್ತಿರುವುದು ಆ ಟ್ಯಾಕ್ಸಿಗಳ ಉಪಕಾರ.

ಕೆಲಸಕ್ಕೆ ಕೈ ಹಾಕುವ ಮೊದಲೇ ಒಂದು ಷರತ್ತು ಹಾಕಿಕೊಂಡೆ: ಬಾಡಿಯ ತಗಡಿಗೆ ಒಂದೇ ಒಂದು ಹೊಸ ತೂತು ಬೀಳಬಾರದು. 2021ರ ಜುಲೈಯಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್‌ಗಳು ಮೂಲರೂಪದಲ್ಲೇ ಉಳಿದಿರುವ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನನ್ನದಕ್ಕೆ 2029ರಲ್ಲಿ ಐವತ್ತು ತುಂಬುತ್ತದೆ. ದೀಪಕ್ಕಾಗಿ ಕೊರೆದ ನಾಲ್ಕು ತೂತು ಆ ನೋಂದಣಿಯನ್ನು ಕೆಡಿಸಲಾರವು, ಒಪ್ಪುತ್ತೇನೆ. ಆದರೆ ಕೊರೆದ ತಗಡು ಮಲೆನಾಡಿನ ಮಳೆಯಲ್ಲಿ ಮೂರೇ ವರ್ಷಕ್ಕೆ ತುಕ್ಕಿನ ಬಾವಿಯಾಗುತ್ತದೆ ಎಂಬುದು ಹಿಂದಿನ ಮಾಲೀಕರು ಆಂಟೆನಾಕ್ಕೆ ಕೊರೆದ ತೂತಿನಿಂದ ನಾನು ಕಲಿತ ಪಾಠ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಹಳೆಯ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಮೇಸ್ತ್ರಿ ಇದ್ದಾರೆ. ಎಲ್‌ಇಡಿ ಬಲ್ಬು ಹಾಕಿಸಬೇಕು ಎಂದು ಹೋದವನಿಗೆ ಅವರು ಬಲ್ಬಿನ ಮಾತೇ ಎತ್ತಲಿಲ್ಲ. “ಮೊದಲು ಅರ್ತಿಂಗ್ ನೋಡಿಕೊಂಡು ಬನ್ನಿ ಸಾರ್. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?” ಎಂದರು. ಅರ್ತಿಂಗ್ ಎಂದರೆ ದೀಪಕ್ಕೆ ಹೋದ ವಿದ್ಯುತ್ತು ಬಾಡಿಯ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಸ್ವಲ್ಪ ಬೇಸರವಾಯಿತು. ಹೊಸ ಬಲ್ಬು ಹಾಕುವ ಉಮೇದಿನಲ್ಲಿದ್ದವನಿಗೆ ತುಕ್ಕು ಉಜ್ಜುವ ಕೆಲಸ ಹೇಳಿದರೆ ಯಾರಿಗೆ ತಾನೇ ಬೇಸರವಾಗದು?

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಬ್ರೇಕ್ ಪೆಡಲಿನ ಮೇಲೆ ಒಂದು ಇಟ್ಟಿಗೆ ಇಟ್ಟು ಹಿಂದಿನ ದೀಪಗಳನ್ನು ಉರಿಯಲು ಬಿಟ್ಟು ಅಳೆದಾಗ ಬ್ಯಾಟರಿಯ ಮೇಲೆ 12.3 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 9.9. ಉಳಿದ 2.4 ವೋಲ್ಟ್ ದಾರಿಯಲ್ಲೇ ಖರ್ಚಾಗಿತ್ತು. ಮೀಟರಿನ ಒಂದು ಕಡ್ಡಿಯನ್ನು ದೀಪದ ತಗಡಿಗೂ ಇನ್ನೊಂದನ್ನು ಉದ್ದ ತಂತಿ ಕಟ್ಟಿ ಬ್ಯಾಟರಿಯ ನೆಗೆಟಿವ್‌ಗೂ ಮುಟ್ಟಿಸಿದರೆ 1.4 ವೋಲ್ಟ್ ತೋರಿಸಿತು. ಎರಡೂ ನೆಗೆಟಿವ್ವೇ ಆಗಿರಬೇಕಾದ ಜಾಗ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಮೇಸ್ತ್ರಿ ನೋಡದೆಯೇ ಹೇಳಿದ್ದು ಇದನ್ನು.

ತಂತಿ ಕಾಯಿಸಿ ಉರಿಯುವ ಬಲ್ಬಿನ ಲೆಕ್ಕ ಬಹಳ ಕಠೋರ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಶೇ 10ರಷ್ಟಲ್ಲ, ಸುಮಾರು ಶೇ 30ರಷ್ಟು ಇಳಿಯುತ್ತದೆ. 12.3ರ ಬದಲು 9.9 ವೋಲ್ಟ್ ಸಿಕ್ಕಿದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಬೆಳಕು. ಅಂದರೆ ಟೆಂಪೊದವನಿಗೆ ಕಾಣದಿದ್ದದ್ದು ಕಂಪನಿ ಕೊಟ್ಟ ದೀಪವಲ್ಲ, ಅದರ ಎಂಜಲು.

ದೀಪದ ಗೂಡು ಬಿಚ್ಚಲು ಒಂದು ಇಡೀ ಭಾನುವಾರ ಹೋಯಿತು. ಗ್ಲಾಸಿನ ಸ್ಕ್ರೂಗಳು ತುಕ್ಕು ಹಿಡಿದು ಒಂದಾಗಿದ್ದವು. (ಪ್ಲಾಸ್ಟಿಕ್ಕೇ ಆದರೂ ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಅದು ಗ್ಲಾಸೇ.) ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟಿದ್ದರೂ ಎಡಗಡೆಯ ಒಂದು ಸ್ಕ್ರೂ ತಲೆ ಮುರಿದುಕೊಂಡಿತು. ಒಳಗೆ ನೋಡಿದರೆ ಒಂದು ಕಾಲದಲ್ಲಿ ಕನ್ನಡಿಯಂತಿದ್ದ ರಿಫ್ಲೆಕ್ಟರು ಹಳೆಯ ಹಂಡೆಯ ತಳದ ಬಣ್ಣಕ್ಕೆ ತಿರುಗಿತ್ತು, ಮೂಲೆಯಲ್ಲಿ ಕಣಜದ ಹುಳದ ಮಣ್ಣಿನ ಗೂಡು ಬೇರೆ. ಹೋಲ್ಡರಿನಿಂದ ಬಾಡಿಗೆ ಹೋಗುವ ಅರ್ತ್‌ಗೆ ಪ್ರತ್ಯೇಕ ತಂತಿಯೇ ಇರಲಿಲ್ಲ. ದೀಪವನ್ನು ಹಿಡಿದಿಟ್ಟ ಸ್ಕ್ರೂಗಳ ಮೂಲಕವೇ ವಿದ್ಯುತ್ತು ಬಾಡಿಗೆ ಇಳಿಯಬೇಕು. ಆ ಬಾಡಿಗೆ ಎರಡು ಸಲ ಬಣ್ಣ ಹೊಡೆಸಿದ್ದೇವೆ. ಪ್ರತಿ ಸಲವೂ ಪೇಂಟರ್ ಸ್ಕ್ರೂ ಕೂರುವ ಜಾಗಕ್ಕೂ ಸೇರಿಸಿ ಅಚ್ಚುಕಟ್ಟಾಗಿ ಬಣ್ಣ ಬಳಿದಿದ್ದಾನೆ.

ಪ್ರತಿ ಹೋಲ್ಡರಿನ ತಗಡಿಗೆ ಒಂದು ಕಪ್ಪು ತಂತಿ ಬೆಸೆದು, ನಾಲ್ಕನ್ನೂ ಡಿಕ್ಕಿಯೊಳಗೆ ಮೊದಲೇ ಇದ್ದ ಒಂದು ಬೋಲ್ಟಿಗೆ ತಂದೆ. ಆ ಬೋಲ್ಟಿನ ಸುತ್ತ ಎಮರಿ ಕಾಗದದಿಂದ ಉಜ್ಜಿ ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಬ್ಯಾಟರಿಯಿಂದ ಬಾಡಿಗೆ ಬರುವ ಪಟ್ಟಿಗೂ ಇದೇ ಉಪಚಾರ. ಫ್ಯೂಸ್ ಪೆಟ್ಟಿಗೆಯಲ್ಲಿ ಎರಡೂ ತುದಿ ಚೂಪಾದ 8 ಆಂಪಿಯರಿನ ಹಳೆಯ ಪಿಂಗಾಣಿ ಫ್ಯೂಸುಗಳು. ಅವು ಹೋಗಿರುವುದಿಲ್ಲ, ತುದಿ ಕಪ್ಪಾಗಿರುತ್ತದೆ ಅಷ್ಟೆ. ಒಂದೊಂದನ್ನೇ ತೆಗೆದು ತುದಿಯನ್ನೂ, ಅದು ಕೂರುವ ಹಿತ್ತಾಳೆಯ ನಾಲಿಗೆಯನ್ನೂ ಉಜ್ಜಿ ಮತ್ತೆ ಕೂರಿಸಿದೆ. ರಿಫ್ಲೆಕ್ಟರಿಗೆ ಎಸಿ ಕೊಳವೆಗೆ ಅಂಟಿಸುವ ಅಲ್ಯೂಮಿನಿಯಂ ಟೇಪನ್ನು ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ ಅಂಟಿಸಿದೆ. ಗ್ಲಾಸಿನ ಅಡಿಯ ಗ್ಯಾಸ್ಕೆಟ್ ಪುಡಿಪುಡಿಯಾಗಿತ್ತು. ಅದಕ್ಕೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿಕೊಂಡೆ.

ಮತ್ತೆ ಇಟ್ಟಿಗೆ ಇಟ್ಟು ಅಳೆದರೆ 11.7 ವೋಲ್ಟ್. ಅವೇ ಹಳೆಯ ಬಲ್ಬುಗಳು. ಹೆಂಡತಿ ಅಂಗಳಕ್ಕೆ ಬಂದವಳು “ಹೊಸ ಬಲ್ಬಾ?” ಎಂದು ಕೇಳಿದಳು.

ಇಲ್ಲಿಗೇ ನಿಲ್ಲಿಸಬಹುದಿತ್ತು ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಕಾರಣ ಡೈನಮೋ, ಎಂಜಿನ್ ತಿರುಗುವಾಗ ವಿದ್ಯುತ್ತು ತಯಾರಿಸುವ ಹಳೆಯ ಯಂತ್ರ. ಈಗಿನ ಕಾರುಗಳಲ್ಲಿ ಆ ಕೆಲಸ ಮಾಡುವ ಆಲ್ಟರ್ನೇಟರ್ ನನ್ನ ಗಾಡಿಯಲ್ಲಿ ಇಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಏನೂ ಕೊಡುವುದಿಲ್ಲ, ಚಾರ್ಜಿಂಗಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಮಳೆಯ ರಾತ್ರಿ ಘಾಟಿಯಲ್ಲಿ ವೈಪರ್, ಹೆಡ್‌ಲೈಟ್ ಎಲ್ಲ ಹಾಕಿಕೊಂಡು ಲಾರಿಯ ಹಿಂದೆ ತೆವಳುವಾಗ ಎಲ್ಲವೂ ಬ್ಯಾಟರಿಯ ತಲೆಯ ಮೇಲೆಯೇ. ಬ್ರೇಕ್ ಒತ್ತಿದರೆ 21 ವಾಟಿನ ಎರಡು ಬಲ್ಬು, ಮೂರೂವರೆ ಆಂಪಿಯರು. ಎಲ್‌ಇಡಿಯಾದರೆ ಎರಡೂ ಸೇರಿ ಅರ್ಧ ಆಂಪಿಯರಿನ ಆಸುಪಾಸು. ಇನ್ನೊಂದು ಕಾರಣ, ಗಾಡಿ ಕೆಟ್ಟು ತಿರುವಿನಲ್ಲಿ ನಿಂತರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಟುಕುವ ಹಜಾರ್ಡ್ ವ್ಯವಸ್ಥೆ ನನ್ನ ಗಾಡಿಯಲ್ಲಿ ಇರಲಿಲ್ಲ. ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಷರ್ ಇತ್ತು, ಆದರೆ ಅದು ಎರಡು ಬಲ್ಬಿನ ಭಾರಕ್ಕೆ ಮಾಡಿದ್ದು. ನಾಲ್ಕು ಬಲ್ಬಿನ 7 ಆಂಪಿಯರನ್ನು ಅದು ಹೊರಲಾರದು.

ಮೊದಲ ಎಲ್‌ಇಡಿ ಖರೀದಿ ದಂಡವಾಯಿತು. ಅಂಗಡಿಯಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದ ಬಲ್ಬುಗಳನ್ನು ತಂದು ಕೆಂಪು ಗ್ಲಾಸಿನ ಹಿಂದೆ ಹಾಕಿದರೆ ಮಾಸಿದ ಗುಲಾಬಿ ಬಣ್ಣ ಬಂತು, ಮದುವೆ ಮನೆಯ ಶರಬತ್ತಿನ ಹಾಗೆ. ಬಿಳಿ ಎಲ್‌ಇಡಿಯೆಂದರೆ ನೀಲಿ ಬೆಳಕಿನ ಮೇಲೆ ಹಳದಿ ಲೇಪ. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪೇ ಹೆಚ್ಚು, ಆದ್ದರಿಂದ ಕೆಂಪು ಗ್ಲಾಸು ಬೇಕಾದ್ದನ್ನು ಬಿಟ್ಟುಕೊಟ್ಟು ಉಳಿದದ್ದನ್ನು ತಡೆಯುತ್ತಿತ್ತು. ಎಲ್‌ಇಡಿಯಲ್ಲಿ ಬಿಟ್ಟುಕೊಡಲು ಹೆಚ್ಚೇನೂ ಇರುವುದಿಲ್ಲ. ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿ, ಕಿತ್ತಳೆ ಗ್ಲಾಸಿಗೆ ಕಿತ್ತಳೆ ಎಲ್‌ಇಡಿ. ಇದರಲ್ಲಿ ರಾಜಿ ಇಲ್ಲ.

ಎರಡನೇ ಜೋಡಿಯ ಬಣ್ಣ ಸರಿಯಿತ್ತು, ಆದರೆ ಹೆಚ್ಚು ಅಪಾಯಕಾರಿಯಾದ ದೋಷವೊಂದಿತ್ತು. ಹಿಂದಿನ ಬಲ್ಬಿನಲ್ಲಿ ಎರಡು ತಂತುಗಳು: ರಾತ್ರಿಯ ದೀಪಕ್ಕೆ 5 ವಾಟು, ಬ್ರೇಕಿಗೆ 21. ಬ್ರೇಕ್ ಒತ್ತಿದಾಗ ಬೆಳಕು ಥಟ್ಟನೆ ಹಲವು ಪಟ್ಟು ಜಿಗಿಯಬೇಕು. ಹಿಂದೆ ಬರುವವನ ಕಾಲು ಬ್ರೇಕಿಗೆ ಹೋಗುವುದು ಬೆಳಕನ್ನು ನೋಡಿ ಅಲ್ಲ, ಈ ಜಿಗಿತವನ್ನು ನೋಡಿ. ಅಗ್ಗದ ಎಲ್‌ಇಡಿಯಲ್ಲಿ ರಾತ್ರಿಯ ದೀಪವೇ ಭರ್ಜರಿಯಾಗಿ ಉರಿಯುತ್ತದೆ, ಬ್ರೇಕ್ ಒತ್ತಿದರೆ ಚೂರು ಹೆಚ್ಚಾಗುತ್ತದೆ. ಅಂಗಡಿಯ ಮೇಜಿನ ಮೇಲೆ ಎರಡೂ ಚೆನ್ನಾಗಿ ಕಾಣುತ್ತವೆ. ಹಾಗಾಗಿ ನಾನೊಂದು ಪರೀಕ್ಷೆ ಮಾಡಿಕೊಂಡೆ. ಕತ್ತಲಾದ ಮೇಲೆ ಗಾಡಿಯಿಂದ ಐವತ್ತು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಂತೆ. ಹೆಂಡತಿ ತನಗೆ ಬೇಕೆಂದಾಗ ಬ್ರೇಕ್ ಒತ್ತಬೇಕು ಅಥವಾ ಒತ್ತದಿರಬೇಕು. ಅವಳು ಕೂಗಿದಾಗ ನಾನು ತಿರುಗಿ, ಒಂದೇ ನೋಟಕ್ಕೆ ಬ್ರೇಕೋ ಅಲ್ಲವೋ ಹೇಳಬೇಕು. ಹತ್ತರಲ್ಲಿ ನಾಲ್ಕು ಸಲ ತಪ್ಪಿದೆ. ಆ ಜೋಡಿಯನ್ನೂ ತೆಗೆದಿಟ್ಟೆ.

ಮೂರನೆಯದು ಬೆಲೆಯಲ್ಲಿ ನಾಲ್ಕು ಪಟ್ಟು. ಅದರಲ್ಲಿ ಬೆಳಗುವ ಎಲ್‌ಇಡಿ ಕಾಳುಗಳು ತುದಿಯಲ್ಲಷ್ಟೇ ಅಲ್ಲ, ಸುತ್ತಲೂ ಇದ್ದವು. ಇದು ಮುಖ್ಯ, ಏಕೆಂದರೆ ಹಳೆಯ ರಿಫ್ಲೆಕ್ಟರ್ ಬೆಳಕನ್ನು ನಿರೀಕ್ಷಿಸುವುದು ತಂತು ಇರುವ ಜಾಗದಿಂದ, ಎಲ್ಲ ದಿಕ್ಕಿಗೂ. ಬರೀ ಮುಂದಕ್ಕೆ ಬೆಳಕು ಚೆಲ್ಲುವ ಬಲ್ಬು ಹಾಕಿದರೆ ಗ್ಲಾಸಿನ ನಡುವೆ ಒಂದು ಚುಕ್ಕಿ ಉರಿದು ಉಳಿದದ್ದು ಕತ್ತಲಾಗಿರುತ್ತದೆ. ಈ ಸಲ ಹತ್ತಕ್ಕೆ ಹತ್ತು.

ಇನ್ನು ಇಂಡಿಕೇಟರ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮದಂತೆ ಅದರ ಬಣ್ಣ ಅಂಬರ್, ಅಂದರೆ ಕಿತ್ತಳೆ ಬೆರೆತ ಹಳದಿ ಇರಬೇಕು. ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು. ಅರ್ತಿಂಗ್ ಸರಿ ಮಾಡುವ ಮೊದಲು ಗಡಿಯಾರ ಹಿಡಿದು ಎಣಿಸಿದ್ದೆ: 48. ಮಾಡಿದ ಮೇಲೆ 74. ಹಳೆಯ ಫ್ಲ್ಯಾಷರಿನೊಳಗಿನ ಲೋಹದ ಪಟ್ಟಿ ಬಲ್ಬಿಗೆ ಹೋಗುವ ವಿದ್ಯುತ್ತಿನಿಂದಲೇ ಕಾಯ್ದು ಬಾಗುತ್ತದೆ, ಆರಿ ನೆಟ್ಟಗಾಗುತ್ತದೆ. ಹರಿಯುವ ವಿದ್ಯುತ್ತು ಕಡಿಮೆಯಾದರೆ ಅದು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಅದಕ್ಕೇ ಎಲ್‌ಇಡಿ ಹಾಕಿದೊಡನೆ ಅದು ಮಿಟುಕುವುದನ್ನೇ ಬಿಟ್ಟು ಸುಮ್ಮನೆ ಉರಿಯತೊಡಗಿತು. ಕಾಯುವಷ್ಟು ವಿದ್ಯುತ್ತೇ ಹರಿಯುತ್ತಿಲ್ಲವಲ್ಲ. ಅಂಗಡಿಯವರು ಇದಕ್ಕೆ ಕೊಡುವ ಮದ್ದು ಚಿನ್ನದ ಬಣ್ಣದ ಒಂದು ರೆಸಿಸ್ಟರ್, 6 ಓಮ್, 50 ವಾಟು. ಹಳೆಯ ಬಲ್ಬಿನಷ್ಟೇ ವಿದ್ಯುತ್ತನ್ನು ತಾನು ಕುಡಿದು ಫ್ಲ್ಯಾಷರಿಗೆ ಮಂಕುಬೂದಿ ಎರಚುವುದು ಅದರ ಕೆಲಸ. ಕುಡಿದದ್ದೆಲ್ಲ ಶಾಖವಾಗಲೇಬೇಕು. ಹತ್ತು ನಿಮಿಷ ಬಿಟ್ಟು ನೀರು ಚಿಮುಕಿಸಿದರೆ ಚುಯ್ ಎಂದಿತು. ಡಿಕ್ಕಿಯ ರೆಗ್ಸಿನ್ ಹಿಂದೆ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಓಡಾಡುವ ಹಾಗೆ. ಉಳಿಸಲು ಹೊರಟ ವಿದ್ಯುತ್ತನ್ನು ಹೀಗೆ ಸುಡುವುದಾದರೆ ಬಲ್ಬು ಏನು ಪಾಪ ಮಾಡಿತ್ತು? ತೆಗೆದು ಬಿಸಾಡಿದೆ.

ಬಲ್ಬಿನ ಭಾರವನ್ನು ನೋಡದೆ ತಾನೇ ತಾಳ ಹಾಕುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಸರಿಯಾದ ದಾರಿ. ಆದರೆ ಅಲ್ಲೊಂದು ಗುಂಡಿ ಇದೆ. ಅದಕ್ಕೆ ಮೂರು ಕಾಲು: ಬಿ ಬ್ಯಾಟರಿಯಿಂದ, ಎಲ್ ದೀಪಕ್ಕೆ, ಇ ಅರ್ತ್‌ಗೆ. ಹಳೆಯ ಕಾಲದ ಮೂರು ಕಾಲಿನ ಫ್ಲ್ಯಾಷರಿನಲ್ಲಿ ಮೂರನೆಯದು ಪಿ, ಇಂಡಿಕೇಟರ್ ಹಾಕಿರುವುದನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಪೈಲಟ್ ದೀಪದ್ದು. ನೋಡಲು ಒಂದೇ ಥರ ಇರುವುದರಿಂದ ಹಳೆಯದನ್ನು ಕಿತ್ತು ಹೊಸದನ್ನು ಅಲ್ಲಿಗೇ ಚುಚ್ಚುವವರೇ ಹೆಚ್ಚು. ನನ್ನ ಗಾಡಿಯಲ್ಲಿ ಯಾರೋ ಎಂದೋ ಎರಡು ಕಾಲಿನ ಫ್ಲ್ಯಾಷರ್ ಹಾಕಿ, ಪೈಲಟ್ ದೀಪದ ಒಂದು ತುದಿಯನ್ನು ಎಡ ಇಂಡಿಕೇಟರಿನ ತಂತಿಗೂ ಇನ್ನೊಂದನ್ನು ಬಲದ್ದಕ್ಕೂ ಕಟ್ಟಿದ್ದರು. ಮೊದಮೊದಲು ನನಗೆ ಅದು ತಲೆಬುಡವಿಲ್ಲದ ಕೆಲಸವೆನ್ನಿಸಿತು. ಯೋಚಿಸಿದರೆ ಜಾಣತನವೇ. ಎಡಕ್ಕೆ ಹಾಕಿದಾಗ ಪೈಲಟ್ ದೀಪದ ಮೂಲಕ ಹರಿದ ವಿದ್ಯುತ್ತು ಬಲಗಡೆಯ ಬಲ್ಬುಗಳ ತಂತು ಹಾದು ಅರ್ತ್ ಸೇರುತ್ತದೆ. ಅಷ್ಟು ಚೂರು ವಿದ್ಯುತ್ತಿಗೆ 21 ವಾಟಿನ ತಂತು ಬೆಚ್ಚಗೂ ಆಗದು.

ಎಲ್‌ಇಡಿಗೆ ಆ ಚೂರೇ ಹಬ್ಬದೂಟ. ಎಡಕ್ಕೆ ಹಾಕಿದರೆ ನಾಲ್ಕೂ ಮಿಟುಕಿದವು. ಬಲಕ್ಕೆ ಹಾಕಿದರೂ ನಾಲ್ಕೂ. ಒಂದು ಗಳಿಗೆ ಹಜಾರ್ಡ್ ಪುಕ್ಕಟೆ ಬಂತೆಂದು ನಗು ಬಂತು, ನಂತರ ಅಳು. ಪರಿಹಾರಕ್ಕೆ ಬೇಕಾದದ್ದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 4007 ಡಯೋಡ್ ಎರಡು, ಹತ್ತು ರೂಪಾಯಿಯೊಳಗಿನ ಕೆಲಸ. ಎಡ ತಂತಿಯಿಂದ ಒಂದು, ಬಲ ತಂತಿಯಿಂದ ಒಂದು; ಬೆಳ್ಳಿ ಗೆರೆಯಿರುವ ಎರಡೂ ತುದಿಗಳನ್ನು ಒಟ್ಟು ಸೇರಿಸಿ ಪೈಲಟ್ ದೀಪದ ಒಂದು ಕಾಲಿಗೆ, ದೀಪದ ಇನ್ನೊಂದು ಕಾಲು ಅರ್ತ್‌ಗೆ. ಎರಡೂ ಕಡೆಯಿಂದ ದೀಪಕ್ಕೆ ಬರಬಹುದು, ಆ ಕಡೆಯಿಂದ ಈ ಕಡೆಗೆ ದಾಟುವಂತಿಲ್ಲ. ಬೆಸುಗೆ ಹಾಕಿ ಸ್ಲೀವ್ ಎಳೆದೆ.

ಹಜಾರ್ಡ್ ಸ್ವಿಚ್ಚಿನಲ್ಲಿ ನಾನೇ ಎಡವಿದೆ. ಕೀಲಿ ತೆಗೆದಾಗಲೂ ಕೆಲಸ ಮಾಡಬೇಕೆಂದು ಫ್ಲ್ಯಾಷರಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟೆ, ಆದರೆ ಇಗ್ನಿಷನ್ನಿನಿಂದ ಬರುತ್ತಿದ್ದ ಹಳೆಯ ತಂತಿಯನ್ನು ಬಿಡಿಸಲಿಲ್ಲ. ಎಂಜಿನ್ ಚಾಲೂ ಇದ್ದಾಗ ಹಜಾರ್ಡ್ ಹಾಕಿ ಕೀಲಿ ತಿರುಗಿಸಿ ತೆಗೆದೆ. ಕೀಲಿ ನನ್ನ ಅಂಗೈಯಲ್ಲಿ, ಎಂಜಿನ್ ಹಾಯಾಗಿ ಓಡುತ್ತಿದೆ! ಬ್ಯಾಟರಿಯ ವಿದ್ಯುತ್ತು ಹಿಂಬಾಗಿಲಿನಿಂದ, ಎಂಜಿನ್ನಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲಿಗೆ ನುಗ್ಗಿತ್ತು. ಹಜಾರ್ಡ್ ಹಾಕಿದಾಗ ಇಗ್ನಿಷನ್ನಿನ ತಂತಿಯನ್ನು ಕತ್ತರಿಸಿ ಬ್ಯಾಟರಿಯ ತಂತಿಯನ್ನು ಸೇರಿಸುವ ಸ್ವಿಚ್ಚೇ ಬೇಕು. ಗುಜರಿಯಲ್ಲಿ ಬೇರೊಂದು ಕಾರಿನದು ಸಿಕ್ಕಿತು. ಡ್ಯಾಶ್‌ಬೋರ್ಡಿನ ಕೆಳಗೆ ಇದ್ದ ಸ್ಕ್ರೂವಿಗೇ ಪಟ್ಟಿ ಕಟ್ಟಿ ನೇತುಹಾಕಿದ್ದೇನೆ. ಈಗ ಇಂಡಿಕೇಟರ್ ನಿಮಿಷಕ್ಕೆ 85. ಒಂದು ನಷ್ಟವೂ ಇದೆ: ಹಳೆಯ ಫ್ಲ್ಯಾಷರ್ ಒಂದು ಬಲ್ಬು ಹೋದರೆ ತಾಳ ತಪ್ಪಿ ತಿಳಿಸುತ್ತಿತ್ತು, ಹೊಸದು ಏನೂ ಆಗದವರಂತೆ ಮಿಟುಕುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಭಾನುವಾರ ಗಾಡಿಗೆ ಒಂದು ಸುತ್ತು ಬರುವುದು ಅಭ್ಯಾಸವಾಗಿದೆ.

ಮಂಜಿಗೆಂದು ಹಿಂದೆ ಒಂದು ಕೆಂಪು ಫಾಗ್ ದೀಪ ಹಾಕಿದೆ. ಒಂದೇ, ಬಲಗಡೆ, ಬಂಪರಿನ ಬೋಲ್ಟಿಗೇ ಪಟ್ಟಿ ಬಿಗಿದು. ಎರಡು ಹಾಕಿದರೆ ಬ್ರೇಕ್ ದೀಪವೆಂದು ಮೋಸಹೋಗುತ್ತಾರೆ. ಒಂದೇ ಆದರೂ ಬ್ರೇಕ್ ದೀಪದಿಂದ 10 ಸೆಂಟಿಮೀಟರಿಗಿಂತ ಹೆಚ್ಚು ದೂರ ಇರಬೇಕು. ಹೆಡ್‌ಲೈಟ್ ಉರಿದಾಗ ಮಾತ್ರ ಕೆಲಸ ಮಾಡುವಂತೆ ರಿಲೇ ಇಟ್ಟು, ಮರೆಯದಿರಲೆಂದು ಡ್ಯಾಶ್‌ಬೋರ್ಡಿನ ಕೆಳಗೆ ಅದಕ್ಕೊಂದು ಪೈಲಟ್ ದೀಪವನ್ನೂ ಕೊಟ್ಟೆ. ಮಂಜಿಲ್ಲದ ರಾತ್ರಿ ಅದನ್ನು ಹಾಕಿಕೊಂಡು ಓಡಾಡುವುದು ಹಿಂದಿನವನ ಕಣ್ಣಿಗೆ ಮೆಣಸಿನಪುಡಿ ಎರಚಿದಂತೆ. ಬಂಪರಿನ ತುದಿಗಳಿಗೆ ಎರಡು ಕೆಂಪು ರಿಫ್ಲೆಕ್ಟರ್ ಸೇರಿಸಿದೆ. ಬ್ಯಾಟರಿ ಸತ್ತರೂ ಕೆಲಸ ಮಾಡುವ ದೀಪ ಅದೊಂದೇ.

ಮೊದಲ ಮಳೆಗೇ ಬಲಗಡೆಯ ಗ್ಲಾಸಿನೊಳಗೆ ಹನಿ ಕಟ್ಟಿತು. ತಪ್ಪು ನನ್ನದೇ. ನೀರು ಒಳಗೆ ಬಾರದಿರಲೆಂದು ಸುತ್ತಲೂ ಸಿಲಿಕೋನ್ ಬಳಿದು, ಗ್ಲಾಸಿನ ಕೆಳಗಿದ್ದ ಸಣ್ಣ ತೂತನ್ನೂ ಮುಚ್ಚಿಬಿಟ್ಟಿದ್ದೆ. ಆ ತೂತು ಇರುವುದೇ ಒಳಗಿನ ತೇವ ಹೊರಹೋಗಲೆಂದು. ಬೆಂಕಿಕಡ್ಡಿಯಿಂದ ಚುಚ್ಚಿ ತೆರೆದೆ. ಎರಡು ದಿನದ ಬಿಸಿಲಿಗೆ ಸರಿಹೋಯಿತು.

ಹಳೆಯ ಬಲ್ಬು, ಹಳೆಯ ಫ್ಲ್ಯಾಷರ್ ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಡಿಕ್ಕಿಯಲ್ಲೇ ಇವೆ. ಬೇಕೆಂದರೆ ಒಂದು ಮಧ್ಯಾಹ್ನದಲ್ಲಿ ಗಾಡಿಯನ್ನು ಮೊದಲಿನಂತೆ ಮಾಡಬಹುದು.

ಎಲ್ಲ ಮುಗಿದ ಮೇಲೆ ಹೊಳೆದದ್ದು, ಇಷ್ಟು ವರ್ಷ ಈ ಗಾಡಿ ಓಡಿಸಿದ ನಾನು ಅದು ರಸ್ತೆಯಲ್ಲಿ ಹೋಗುವುದನ್ನು ಹಿಂದಿನಿಂದ ಒಮ್ಮೆಯೂ ನೋಡಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಸ್ಟಿಯರಿಂಗನ್ನು ಹೆಂಡತಿಗೆ ಕೊಟ್ಟು ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ತೀರ್ಥಹಳ್ಳಿ ದಾಟಿ ಆಗುಂಬೆ ರಸ್ತೆಯಲ್ಲಿ ಐದಾರು ಕಿಲೋಮೀಟರು. ಸಣ್ಣಗೆ ಜಡಿಮಳೆ. ತಿರುವಿನ ಮೊದಲು ಅವಳು ಬ್ರೇಕ್ ಒತ್ತಿದಾಗ ರಸ್ತೆಯ ನೀರೆಲ್ಲ ಒಮ್ಮೆಲೇ ಕೆಂಪಾಯಿತು. ಇಂಡಿಕೇಟರ್ ಅಡಿಕೆ ತೋಟದ ಬೇಲಿಯ ಮೇಲೆ ಮಿಟುಕಿತು. ನನಗೆ ಹಿಗ್ಗು.

ಆಮೇಲೆ ಗಮನಿಸಿದೆ, ಎರಡು ಕೆಂಪು ದೀಪಗಳ ನಡುವೆ ಒಂದು ಕಪ್ಪು ಚೌಕ. ನಂಬರ್ ಪ್ಲೇಟಿನ ದೀಪ ಉರಿಯುತ್ತಲೇ ಇರಲಿಲ್ಲ. ಟೆಂಪೊದವನು ಅದನ್ನು ತನ್ನ ಹೆಡ್‌ಲೈಟಿನಲ್ಲಿ ನೋಡಿದೆ ಎಂದಾಗಲೇ ನನಗೆ ಹೊಳೆಯಬೇಕಿತ್ತು. ಮನೆಗೆ ಬಂದು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಬಲ್ಬು ಚೆನ್ನಾಗಿಯೇ ಇತ್ತು. ಸ್ಕ್ರೂ ಕೂರುವ ಜಾಗಕ್ಕೆ ಪೇಂಟರ್ ಇಲ್ಲೂ ಅಚ್ಚುಕಟ್ಟಾಗಿ ಬಣ್ಣ ಬಳಿದಿದ್ದ.